ಮೂರು ನದಿಗಳ ನಗರದಲ್ಲಿ ಅಕ್ಟೋಬರ್ 13

ಅಮೆರಿಕದ ಪೆನ್ಸಿಲ್ವೇನಿಯ ಸಂಸ್ಥಾನದ ಪಿಟ್ಸ್‌ಬರ್ಗ್ ನಗರವನ್ನು ನೋಡಲು ಹೋದ ಪ್ರವಾಸಿಗನು ಮೊದಲು ಊರಿನ ದಕ್ಷಿಣಕ್ಕೆ ಕಡಿದಾಗಿ ಎದ್ದು ನಿಂತಿರುವ ಮೌಂಟ್ ವಾಷಿಂಗ್ಟನ್ ಗುಡ್ಡವನ್ನು ಏರುವುದು ವಾಡಿಕೆ. ಏರುವುದೆಂದರೆ ಕಾಲ್ನಡಿಗೆಯಿಂದಲ್ಲ. ಗುಡ್ಡದ ಮೈಗೆ ಏಣಿಯಂತೆ ಒರಗಿಸಿದ ಹಳಿಗಳ ಮೇಲೆ, ಉಕ್ಕಿನ ಹಗ್ಗ ಎಳೆಯುವ ಪುಟ್ಟ ಗಾಡಿಗಳು ಜನರನ್ನು ಮೇಲಕ್ಕೊಯ್ಯುತ್ತವೆ. ಇಂಥ ಹಳಿಗಳ ಒಂದು ಜೋಡಿ 1870ರಲ್ಲಿಯೂ ಇನ್ನೊಂದು 1877ರಲ್ಲಿಯೂ ಸಿದ್ಧವಾದವು. ಎರಡೂ ಇಂದಿಗೂ ಓಡಾಡುತ್ತಿವೆ. ಹಿಂದೆ ಈ ಗುಡ್ಡಕ್ಕೆ ಕಲ್ಲಿದ್ದಲ ಗುಡ್ಡವೆಂದೇ ಹೆಸರಿದ್ದಿತು. ಒಡಲಲ್ಲಿದ್ದ ಕಲ್ಲಿದ್ದಲನ್ನು ಅಗೆದು ಕೆಳಗಿನ ಕುಲುಮೆಗಳಿಗೆ ಉಣಿಸಿದ ಮೇಲೆ ಅದಕ್ಕೆ ಈ ಗಂಭೀರವಾದ ಹೆಸರು ಬಂದಿತು.

ಮೇಲೆ ನಿಂತು ನೋಡಿದರೆ ಉತ್ತರದಿಂದ ಆಲಿಗೇನಿ, ದಕ್ಷಿಣದಿಂದ ಮನಾಂಗಹೀಲಾ, ಈ ಎರಡು ನದಿಗಳು ಊರಿನ ತುದಿಯಲ್ಲಿ ಕೂಡಿ, ಒಹಾಯೊ ಎಂಬ ಮೂರನೆಯ ನದಿಯಾಗಿ ಪಡುವಣ ದಿಕ್ಕಿಗೆ ಹೊರಟುಹೋಗುವ ನೋಟ ಕಣ್ಣಿಗೆ ಬೀಳುತ್ತದೆ. ನದಿಗಳ ಮೇಲೆ ಹಳದಿ ಬಣ್ಣದ ಸೇತುವೆಗಳು. ಅವುಗಳಲ್ಲಿ ಒಂದಕ್ಕೆ ಬೇಸ್‌ಬಾಲ್ ಆಟಗಾರನೊಬ್ಬನ ಹೆಸರು: ರಾಬರ್ಟೊ ಕ್ಲೆಮೆಂಟೆ. ಆ ಸೇತುವೆ ಕೊನೆಗಾಣುವಲ್ಲಿ, ನೀರಿನ ಅಂಚಿಗೇ, 2001ರಲ್ಲಿ ತೆರೆದ ಆಟದ ಬಯಲು. ಆ ಬಯಲಿನಲ್ಲಿ ಆಡುವವರು ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದವರು. ಪೈರೇಟ್ಸ್ ಎಂದರೆ ಕಡಲುಗಳ್ಳರು. ಕಡಲಿಗೂ ಈ ಊರಿಗೂ ಎಷ್ಟೋ ದೂರವೆಂಬ ಮಾತು ಬೇರೆ.

ಭಾರತದಿಂದ ಹೋದವರು ಸಾಮಾನ್ಯವಾಗಿ ಗುಡ್ಡದ ಮೇಲಿನ ಈ ನೋಟವನ್ನು ಸವಿದು, ಪೆನ್ ಹಿಲ್ಸ್‌ನಲ್ಲಿ 1970ರ ದಶಕದಲ್ಲಿ ಕಟ್ಟಿದ ವೆಂಕಟೇಶ್ವರ ದೇವಾಲಯದಲ್ಲಿ ಮಂಗಳಾರತಿ ಮುಗಿಸಿಕೊಂಡು ಹಿಂದಿರುಗುವರು. ಓಕ್‌ಲ್ಯಾಂಡ್ ಬಡಾವಣೆಯಲ್ಲಿರುವ ಒಂದು ತುಂಡು ಇಟ್ಟಿಗೆಯ ಗೋಡೆಯನ್ನು ನೋಡಲು ಹೋಗುವವರು ವಿರಳ. ಆದರೆ ಈ ಊರಿನ ಮನಸ್ಸನ್ನು ಅರಿಯಬೇಕಾದರೆ ಆ ಗೋಡೆಯ ಬಳಿಗೇ ಹೋಗಬೇಕು. ಅದೂ ಅಕ್ಟೋಬರ್ ತಿಂಗಳ 13ನೆಯ ತಾರೀಖಿನಂದು, ಮಧ್ಯಾಹ್ನದ ಹೊತ್ತು.

ಗೋಡೆಯ ಕಥೆಗೆ ಮುನ್ನ ಈ ಊರಿನ ಇನ್ನೊಂದು ಹಿರಿಮೆಯನ್ನು ಹೇಳಬೇಕು. 1920ರ ನವೆಂಬರ್ 2ರ ರಾತ್ರಿ, ನಗರದ ಪೂರ್ವಕ್ಕಿರುವ ವೆಸ್ಟಿಂಗ್‌ಹೌಸ್ ವಿದ್ಯುತ್ ಕಾರ್ಖಾನೆಯ ಕಟ್ಟಡವೊಂದರ ತಾರಸಿಯ ಮೇಲೆ, ಗುಡಿಸಲಿನಂಥ ಒಂದು ಕೋಣೆಯಲ್ಲಿ ಕುಳಿತು ನಾಲ್ಕಾರು ಜನ ರೇಡಿಯೋ ಮೂಲಕ ಅಧ್ಯಕ್ಷ ಚುನಾವಣೆಯ ಫಲಿತಾಂಶವನ್ನು ಓದಿದರು. ಹಾರ್ಡಿಂಗ್ ಗೆದ್ದರು, ಕಾಕ್ಸ್ ಸೋತರು. ಪತ್ರಿಕಾ ಕಚೇರಿಯಿಂದ ಟೆಲಿಫೋನಿನಲ್ಲಿ ಬಂದ ಅಂಕಿಗಳು ಬಂದ ಹಾಗೆಯೇ ಗಾಳಿಗೇರಿದವು. ಕೆ.ಡಿ.ಕೆ.ಎ. ಎಂಬ ಆ ನಿಲಯ ಅಂದಿನಿಂದ ಪ್ರಸಿದ್ಧವಾಯಿತು. ಮರು ವರ್ಷ, 1921ರ ಆಗಸ್ಟ್ 5ರಂದು, ಅದೇ ನಿಲಯದ ಹೆರಾಲ್ಡ್ ಆರ್ಲಿನ್ ಎಂಬ ಯುವಕನು ಓಕ್‌ಲ್ಯಾಂಡಿನ ಫೋರ್ಬ್ಸ್ ಫೀಲ್ಡ್ ಬಯಲಿಗೆ ಹೋಗಿ, ಪ್ರೇಕ್ಷಕರ ನಡುವೆ ಕುಳಿತು, ಟೆಲಿಫೋನನ್ನೇ ಮಾರ್ಪಡಿಸಿ ಮಾಡಿದ ಮೈಕಿನಲ್ಲಿ ಪೈರೇಟ್ಸ್ ತಂಡದ ಆಟವೊಂದನ್ನು ಬಣ್ಣಿಸಿದನು. ಅಂದು ಪೈರೇಟ್ಸ್ ಫಿಲಡೆಲ್ಫಿಯದವರನ್ನು 8–5ರಿಂದ ಸೋಲಿಸಿದರು. ಬೇಸ್‌ಬಾಲ್ ಆಟ ರೇಡಿಯೋದಲ್ಲಿ ಕೇಳಿಬಂದದ್ದು ಅದೇ ಮೊದಲು.

ಹೀಗೆ ಚುನಾವಣೆಯೂ ಚೆಂಡಾಟವೂ ಒಂದೇ ಊರಿನಲ್ಲಿ, ಒಂದೇ ನಿಲಯದಲ್ಲಿ, ಒಂಬತ್ತೇ ತಿಂಗಳ ಅಂತರದಲ್ಲಿ ಗಾಳಿಯ ಪಾಲಾದವು. ದೇಶದ ಅಧಿಕಾರ ಯಾರ ಕೈಗೆ ಹೋಗುವುದು, ತಮ್ಮ ತಂಡ ಮುಂದಿನ ಸುತ್ತಿಗೆ ಹೋಗುವುದೇ ಇಲ್ಲವೇ, ಈ ಎರಡು ಪ್ರಶ್ನೆಗಳನ್ನೂ ಒಂದೇ ಪೆಟ್ಟಿಗೆಯ ಮುಂದೆ ಕುಳಿತು ಕೇಳುವ ಅಭ್ಯಾಸ ಪಿಟ್ಸ್‌ಬರ್ಗಿನ ಮನೆಗಳಿಗೆ ಅಂದಿನಿಂದ ಬಂದದ್ದು.

*

ನಗರದಿಂದ ಮನಾಂಗಹೀಲಾ ನದಿಯ ಗುಂಟ ಸುಮಾರು ಹನ್ನೆರಡು ಮೈಲಿ ಮೇಲಕ್ಕೆ ಹೋದರೆ ಮೆಕೀಸ್‌ಪೋರ್ಟ್ ಎಂಬ ಊರು. ಅಲ್ಲಿ ಇನ್ನೊಂದು ನದಿ ಬಂದು ಸೇರುತ್ತದೆ. ಅದರ ಹೆಸರನ್ನು ಬರೆಯುವುದು ಒಂದು ಬಗೆ, ಕರೆಯುವುದು ಇನ್ನೊಂದು ಬಗೆ. ಅಲ್ಲಿಯವರ ಬಾಯಲ್ಲಿ ಅದು ಯಾಕಗೇನಿ. 1940ರಲ್ಲಿ ಊರಿನ ಜನಸಂಖ್ಯೆ 55 ಸಾವಿರವನ್ನು ದಾಟಿದ್ದಿತು. ಉಕ್ಕಿನ ಕೊಳವೆ ತಯಾರಿಸುವ ನ್ಯಾಷನಲ್ ಟ್ಯೂಬ್ ಕಾರ್ಖಾನೆ ಊರಿಗೆಲ್ಲ ಅನ್ನದಾತ. ಪಾಳಿ ಬದಲಾಗುವ ಸೀಟಿಯೇ ಅಲ್ಲಿಯ ಗಡಿಯಾರ.

ಇಂಥ ಊರಿಗೆ 1947ರ ಏಪ್ರಿಲ್ 21ರಂದು ಇಬ್ಬರು ತರುಣರು ಬಂದರು. ಇಬ್ಬರೂ ಹಿಂದಿನ ಮಹಾಯುದ್ಧದಲ್ಲಿ ಪೆಸಿಫಿಕ್ ಸಾಗರದ ನೌಕಾದಳದಲ್ಲಿದ್ದವರು. ಇಬ್ಬರೂ ಆ ವರ್ಷವೇ ಕಾಂಗ್ರೆಸ್ ಸಭೆಯನ್ನು ಹೊಸದಾಗಿ ಪ್ರವೇಶಿಸಿದ್ದರು. ಕಾರ್ಮಿಕ ವಿಷಯದ ಒಂದೇ ಸಮಿತಿಯಲ್ಲಿ ಸದಸ್ಯರೂ ಆಗಿದ್ದರು. ಒಬ್ಬರಿಗೆ 34 ವರ್ಷ, ಹೆಸರು ರಿಚರ್ಡ್ ನಿಕ್ಸನ್. ಇನ್ನೊಬ್ಬರಿಗೆ ಇನ್ನೂ 30 ತುಂಬಿರಲಿಲ್ಲ. ಅವರು ಜಾನ್ ಕೆನೆಡಿ. ಊರಿನ ಚರ್ಚಾಕೂಟವೊಂದು ಅವರನ್ನು ಪೆನ್–ಮೆಕೀ ಹೋಟೆಲಿನ ಸಭಾಂಗಣಕ್ಕೆ ವಾದಕ್ಕೆಂದು ಕರೆದಿದ್ದಿತು. ವಿಷಯ ಟಾಫ್ಟ್–ಹಾರ್ಟ್ಲಿ ಮಸೂದೆ: ಕಾರ್ಮಿಕ ಸಂಘಗಳ ಅಧಿಕಾರಕ್ಕೆ ಕಡಿವಾಣ ಹಾಕುವ, ದೇಶಕ್ಕೆ ಅಪಾಯವೆನ್ನಿಸಿದಲ್ಲಿ ಮುಷ್ಕರವನ್ನು 80 ದಿವಸಗಳ ಕಾಲ ತಡೆಹಿಡಿಯಲು ಅವಕಾಶ ಕೊಡುವ ಮಸೂದೆ. ನಿಕ್ಸನ್ ಅದರ ಪರ, ಕೆನೆಡಿ ವಿರೋಧ. ಕೇಳಲು ಬಂದಿದ್ದವರು ಒಂದು ದೊಡ್ಡ ಮದುವೆಯ ಒಂದು ಪಂಕ್ತಿಯಷ್ಟು ಜನ. ಅವರಿಗೆ ಅದು ಮನೋರಂಜನೆಯಲ್ಲ. ಆ ಮಸೂದೆಯ ಒಂದೊಂದು ಕಲಮೂ ಮುಂದಿನ ಸಂಬಳದ ಲಕೋಟೆಗೆ ಸಂಬಂಧಪಟ್ಟದ್ದು.

ವಾದ ಮುಗಿದ ತರುವಾಯ ನಡೆದದ್ದು ಇನ್ನೂ ಸೊಗಸು. ವಾಷಿಂಗ್ಟನ್ನಿಗೆ ಹೋಗುವ ರೈಲಿಗೆ ಇನ್ನೂ ಹೊತ್ತಿದ್ದಿತು. ಎದುರಾಳಿಗಳಿಬ್ಬರೂ ಕೂಡಿಯೇ ಊರಿನ ಒಂದು ಸಣ್ಣ ಉಪಾಹಾರಗೃಹಕ್ಕೆ ಹೋಗಿ ಹ್ಯಾಂಬರ್ಗರ್ ತಿನ್ನುತ್ತ ಬೇಸ್‌ಬಾಲಿನ ಮಾತಿಗಿಳಿದರೆಂದು ಪ್ರತೀತಿ. ಆಮೇಲೆ ಕ್ಯಾಪಿಟಲ್ ಲಿಮಿಟೆಡ್ ರೈಲಿನಲ್ಲಿ ಒಂದೇ ಕೋಣೆ ಹಿಡಿದರು. ಕೆಳಗಿನ ಮಂಚ ಯಾರಿಗೆಂಬುದನ್ನು ತೀರ್ಮಾನಿಸಲು ಕಡ್ಡಿ ಎತ್ತಿದರು. ಅದು ನಿಕ್ಸನ್ನರ ಪಾಲಿಗೆ ಬಂದಿತು. ಮುಂದೆ ಹದಿಮೂರು ವರ್ಷಗಳ ಮೇಲೆ ಎಷ್ಟೋ ಕೋಟಿ ಜನರ ಕಣ್ಣೆದುರಿಗೆ ಹೋರಾಡಬೇಕಾಗಿದ್ದ ಈ ಇಬ್ಬರೂ ಆ ರಾತ್ರಿ ಮೇಲೊಬ್ಬರು ಕೆಳಗೊಬ್ಬರು ಮಲಗಿ ಹರಟುತ್ತ ಹೋದರು.

ಆ ಮಸೂದೆ ಎರಡು ತಿಂಗಳಲ್ಲಿ, ಅಧ್ಯಕ್ಷ ಟ್ರೂಮನ್ನರ ನಿರಾಕರಣೆಯನ್ನೂ ಮೀರಿ, ಶಾಸನವಾಯಿತು. ಅದರ ಭಾರ ಪಿಟ್ಸ್‌ಬರ್ಗಿನ ಬೆನ್ನ ಮೇಲೆ ಚೆನ್ನಾಗಿ ಬಿದ್ದದ್ದು 1959ರಲ್ಲಿ. ಆ ಜುಲೈ 15ರಂದು ದೇಶದ ಸುಮಾರು ಐದು ಲಕ್ಷ ಉಕ್ಕಿನ ಕಾರ್ಮಿಕರು ಕೆಲಸ ನಿಲ್ಲಿಸಿದರು. ಕುಲುಮೆಗಳು 116 ದಿವಸ ಆರಿದ್ದವು. ಅಂಗಡಿಗಳಲ್ಲಿ ಸಾಲದ ಪುಸ್ತಕಗಳು ದಪ್ಪನಾದವು. ಅಧ್ಯಕ್ಷ ಐಸೆನ್‌ಹೋವರ್ ಅದೇ ಟಾಫ್ಟ್–ಹಾರ್ಟ್ಲಿ ಶಾಸನದ ಮೊರೆಹೊಕ್ಕರು. ನವೆಂಬರ್ 7ರಂದು ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿದ ಮೇಲೆ ಜನ ಮತ್ತೆ ಕುಲುಮೆಗೆ ಮರಳಿದರು. ಮಾಲೀಕರಿಗೂ ಸಂಘಕ್ಕೂ ರಾಜಿಯಾದದ್ದು 1960ರ ಜನವರಿಯಲ್ಲಿ, ಆಗ ಉಪಾಧ್ಯಕ್ಷರಾಗಿದ್ದ ನಿಕ್ಸನ್ನರ ಮಧ್ಯಸ್ಥಿಕೆಯಿಂದ. ಅಷ್ಟರಲ್ಲಿ ಪರದೇಶದ ಉಕ್ಕು ಅಮೆರಿಕದ ಮಾರುಕಟ್ಟೆಯೊಳಗೆ ಕಾಲಿಟ್ಟಾಗಿದ್ದಿತು. ಒಮ್ಮೆ ಕಾಲಿಟ್ಟದ್ದು ಹೊರಗೆ ಹೋಗಲಿಲ್ಲ.

*

1960ರ ಬೇಸಗೆಯಲ್ಲಿ ಪಿಟ್ಸ್‌ಬರ್ಗಿನ ಜನರ ಕಿವಿ ಎರಡು ಕಡೆ ಇದ್ದಿತು. ಒಂದು ಕಡೆ ಕೆನೆಡಿ–ನಿಕ್ಸನ್ನರ ಸ್ಪರ್ಧೆ. ಇನ್ನೊಂದು ಕಡೆ, ಯಾರೂ ನಿರೀಕ್ಷಿಸದಿದ್ದ ರೀತಿಯಲ್ಲಿ ಗೆಲ್ಲುತ್ತಿದ್ದ ಪೈರೇಟ್ಸ್.

ಕ್ರಿಕೆಟ್ ಬಲ್ಲವರಿಗೆ ಬೇಸ್‌ಬಾಲ್ ಅರ್ಥವಾಗದ ಆಟವೇನಲ್ಲ. ತಂಡಕ್ಕೆ ಒಂಬತ್ತು ಜನ, ಆಟಕ್ಕೆ ಒಂಬತ್ತು ಸರದಿ. ಹೊಡೆದ ಚೆಂಡು ಬಯಲಿನ ಗೋಡೆಯನ್ನು ದಾಟಿದರೆ ಹೊಡೆದವನು ನಾಲ್ಕು ನೆಲೆಗಳನ್ನೂ ಯಾರ ತಡೆಯೂ ಇಲ್ಲದೆ ಸುತ್ತಿ ಬರಬಹುದು, ಅದೇ ಹೋಮ್‌ರನ್. ಈಗ ದೇಶದ 30 ತಂಡಗಳಲ್ಲಿ 12ಕ್ಕೆ ಅಂತಿಮ ಘಟ್ಟದ ಪ್ಲೇಆಫ್ ಪಂದ್ಯಗಳಲ್ಲಿ ಆಡುವ ಭಾಗ್ಯವುಂಟು. 1960ರಲ್ಲಿ ಆ ಉದಾರತೆ ಇರಲಿಲ್ಲ. ಎರಡು ಲೀಗುಗಳು, ಒಂದೊಂದರಲ್ಲಿ ಎಂಟು ತಂಡಗಳು, ಒಂದೊಂದು ತಂಡಕ್ಕೆ 154 ಆಟ. ಏಪ್ರಿಲಿನಿಂದ ಅಕ್ಟೋಬರಿನವರೆಗೆ ಆಡಿ ಆ ಎಂಟರಲ್ಲಿ ಮೊದಲನೆಯವರಾದರೆ ಮಾತ್ರ ವರ್ಲ್ಡ್ ಸೀರೀಸ್; ಎರಡನೆಯ ಸ್ಥಾನ ಬಂದರೂ ಮನೆಗೆ. ಪೈರೇಟ್ಸ್ ಲೀಗಿನಲ್ಲಿ ಮೊದಲನೆಯವರಾಗಿ 33 ವರ್ಷಗಳೂ, ವರ್ಲ್ಡ್ ಸೀರೀಸ್ ಗೆದ್ದು 35 ವರ್ಷಗಳೂ ಕಳೆದಿದ್ದವು. ಅಜ್ಜಂದಿರು ಹೇಳಿದ ಕಥೆಯಲ್ಲದೆ ಮಕ್ಕಳಿಗೆ ಬೇರೆ ಗೆಲುವು ಗೊತ್ತಿರಲಿಲ್ಲ.

ಸೆಪ್ಟೆಂಬರ್ 25, ಭಾನುವಾರ. ಪೈರೇಟ್ಸ್ ಮಿಲ್ವಾಕಿಯಲ್ಲಿ ಆಡುತ್ತಿದ್ದರು, ಸೋತರು. ಆದರೆ ಬೆನ್ನಟ್ಟಿ ಬರುತ್ತಿದ್ದ ಸೇಂಟ್ ಲೂಯಿಸ್‌ನವರೂ ಅಂದೇ ಸೋತದ್ದರಿಂದ ಪಿಟ್ಸ್‌ಬರ್ಗಿನ ಮೊದಲನೆಯ ಸ್ಥಾನ ಭದ್ರವಾಯಿತು. ಸೋತು ಗೆದ್ದ ಆ ಭಾನುವಾರದ ಸಡಗರ ಇನ್ನೂ ಇಳಿದಿರಲಿಲ್ಲ. ಮಾರನೆಯ ದಿನ ಸೋಮವಾರ ಸಂಜೆಯೇ ಷಿಕಾಗೋವಿನ ಟೆಲಿವಿಷನ್ ಕೋಣೆಯಲ್ಲಿ ಕೆನೆಡಿ, ನಿಕ್ಸನ್ ಎದುರುಬದುರಾಗಿ ನಿಂತರು. ಅಧ್ಯಕ್ಷ ಪದವಿಯ ಉಮೇದುವಾರರು ಟೆಲಿವಿಷನ್ನಿನ ಮುಂದೆ ವಾದ ಮಾಡಿದ್ದು ಅದೇ ಮೊದಲು. ದೇಶದ ಹತ್ತು ಮನೆಗಳಲ್ಲಿ ಸುಮಾರು ಒಂಬತ್ತರಲ್ಲಿ ಆಗ ಟೆಲಿವಿಷನ್ ಇದ್ದಿತು. ಆರೂವರೆ ಕೋಟಿಗೂ ಹೆಚ್ಚು ಜನ ನೋಡಿದರು. ನಿಕ್ಸನ್ ಮೊಣಕಾಲಿನ ಬೇನೆಯಿಂದ ಆಸ್ಪತ್ರೆಯಲ್ಲಿದ್ದು ಬಂದಿದ್ದರು. ಮುಖ ಬಿಳುಚಿದ್ದಿತು, ಬೆವರುತ್ತಿದ್ದಿತು. ಕೆನೆಡಿ ಬಿಸಿಲಿಗೆ ಮೈಯೊಡ್ಡಿ ಬಂದವರಂತೆ ಕಾಣುತ್ತಿದ್ದರು. ರೇಡಿಯೋದಲ್ಲಿ ಕೇಳಿದವರಿಗೆ ನಿಕ್ಸನ್ನರೇ ಗೆದ್ದಂತೆ ತೋರಿತೆಂಬ ಮಾತು ಇಂದಿಗೂ ಪ್ರಚಾರದಲ್ಲಿದೆ. ಆ ಮಾತಿಗೆ ಗಟ್ಟಿಯಾದ ಆಧಾರ ಕಡಮೆ. ಆದರೆ ರೇಡಿಯೋ ಹುಟ್ಟಿದ ಊರಿನವರು ಅದನ್ನು ನಂಬಲು ಇಷ್ಟಪಟ್ಟರೆ ತಪ್ಪೆನ್ನಲಾಗದು.

ವರ್ಲ್ಡ್ ಸೀರೀಸಿನಲ್ಲಿ ಎದುರಿಗೆ ಬಂದವರು ನ್ಯೂಯಾರ್ಕ್ ಯಾಂಕೀಸ್: ಧನದಲ್ಲಿಯೂ ದರ್ಪದಲ್ಲಿಯೂ ಆಟದಲ್ಲಿಯೂ ದೊಡ್ಡವರು. ಅಕ್ಟೋಬರ್ 5ರಂದು ಪೈರೇಟ್ಸ್ 6–4ರಿಂದ ಗೆದ್ದರು. 6ರಂದು ಯಾಂಕೀಸ್ 16–3ರಿಂದ ಚಚ್ಚಿದರು. 7ರಂದು ಆಟವಿರಲಿಲ್ಲ; ಆ ರಾತ್ರಿ ವಾಷಿಂಗ್ಟನ್ನಿನಿಂದ ಎರಡನೆಯ ವಾದ. 8ರಂದು ಯಾಂಕೀಸ್ 10–0. ಆಮೇಲೆ ಎರಡು ದಿನ ಪೈರೇಟ್ಸ್ 3–2, 5–2. 12ರಂದು ಮತ್ತೆ ಯಾಂಕೀಸ್ 12–0! ಯಾಂಕೀಸ್ ಗೆದ್ದಾಗ ಸಂತೆ ಸೂರೆಹೋದಂತೆ. ಪೈರೇಟ್ಸ್ ಗೆದ್ದಾಗ ಬಡವನ ಮನೆಯ ಲೆಕ್ಕದಂತೆ, ಕಾಸಿಗೆ ಕಾಸು ಕೂಡಿಸಿ. ಆರು ಆಟಗಳಾದ ಮೇಲೆ ಇಬ್ಬರಿಗೂ ಮೂರು ಮೂರು. ಏಳನೆಯದು ಅಕ್ಟೋಬರ್ 13ರ ಗುರುವಾರ, ಫೋರ್ಬ್ಸ್ ಫೀಲ್ಡಿನಲ್ಲಿ. ಅದೇ ಸಂಜೆ ಕೆನೆಡಿ–ನಿಕ್ಸನ್ನರ ಮೂರನೆಯ ವಾದ.

ಅಂದಿನ ಬಯಲಿನಲ್ಲಿ 36,683 ಪ್ರೇಕ್ಷಕರು. ಪಕ್ಕದಲ್ಲೇ ವಿಶ್ವವಿದ್ಯಾಲಯದ 42 ಅಂತಸ್ತುಗಳ ಗೋಪುರ. ಅದರ ಮೇಲೇರಿ ನಿಂತು ಕೆಳಗಿನ ಆಟವನ್ನು ನೋಡಿದ ವಿದ್ಯಾರ್ಥಿಗಳ ಛಾಯಾಚಿತ್ರ ಮುಂದೆ ಪ್ರಸಿದ್ಧವಾಯಿತು. ಆ ಗೋಪುರದೊಳಗೆ ನಾನಾ ದೇಶಗಳ ಹೆಸರಿನ ಪಾಠದ ಕೋಣೆಗಳಿದ್ದು, ನಳಂದದ ಅಂಗಳದ ಮಾದರಿಯಲ್ಲಿ ಕಟ್ಟಿದ ಭಾರತದ ಕೋಣೆಯೂ ಈಗ ಅವುಗಳಲ್ಲೊಂದು.

ಪೈರೇಟ್ಸ್ ಮೊದಲ ಎರಡು ಸರದಿಗಳಲ್ಲೇ 4–0 ಮುಂದಾದರು. ಯಾಂಕೀಸ್ ಮೆಲ್ಲಮೆಲ್ಲನೆ ಹತ್ತಿರ ಬಂದು, ಆರನೆಯ ಸರದಿಯಲ್ಲಿ ದಾಟಿ, ಎಂಟನೆಯದರಲ್ಲಿ 7–4 ಮಾಡಿದರು. ಅಲ್ಲಿಗೆ ಮುಗಿಯಿತೆಂದು ಎದ್ದು ಹೊರಟವರೂ ಇದ್ದಿರಬೇಕು. ಆಗ ಬಿಲ್ ವರ್ಡನ್ ಹೊಡೆದ ಸಾಧಾರಣವಾದ ಒಂದು ಚೆಂಡು ನೆಲದ ಮೇಲೆ ಉರುಳುತ್ತ ಹೋಗಿ, ಏನೋ ಒಂದು ಕಲ್ಲಿನ ಚೂರಿಗೆ ತಾಗಿ ಚಿಮ್ಮಿ, ಹಿಡಿಯಲು ಸಿದ್ಧನಾಗಿದ್ದ ಟೋನಿ ಕ್ಯೂಬೆಕ್‌ನ ಗಂಟಲಿಗೆ ಬಡಿಯಿತು. ಅವನು ಕುಸಿದನು. ಎರಡು ಜನ ಔಟಾಗಬೇಕಾಗಿದ್ದಲ್ಲಿ ಯಾರೂ ಔಟಾಗಲಿಲ್ಲ. ಆ ಒಂದು ಹರಳಿನಿಂದ ಐದು ಓಟಗಳು ಹುಟ್ಟಿದವು. ಕೊನೆಯ ಮೂರು ಹ್ಯಾಲ್ ಸ್ಮಿತ್‌ನ ಹೋಮ್‌ರನ್ನಿನಿಂದ. 9–7. ಒಂಬತ್ತನೆಯ ಸರದಿಯಲ್ಲಿ ಯಾಂಕೀಸ್ ಮತ್ತೆರಡು ಗಳಿಸಿ 9–9 ಮಾಡಿದರು. ಹೊಡೆತಗಾರರ ಕೈಯೇ ಮೇಲಾಗಿದ್ದ ಆ ಆಟದಲ್ಲಿ ಮೂರು ಎಸೆತಕ್ಕೂ ಬೀಸಿ ತಪ್ಪಿ ಔಟಾದವನು ಒಬ್ಬನೂ ಇಲ್ಲ.

ಪೈರೇಟ್ಸ್‌ನ ಕೊನೆಯ ಸರದಿಯನ್ನು ಆರಂಭಿಸಲು ಬಂದವನು ಬಿಲ್ ಮ್ಯಾಜರೋಸ್ಕಿ. 24 ವರ್ಷ, ಗಣಿ ಕೆಲಸಗಾರನ ಮಗ. ಚೆಂಡನ್ನು ಹಿಡಿದು ಎಸೆಯುವ ಚಳಕಕ್ಕೆ ಹೆಸರಾದವನು. ದೊಡ್ಡ ಹೊಡೆತಗಾರನೆಂದು ಅವನನ್ನು ಯಾರೂ ಎಣಿಸಿರಲಿಲ್ಲ. ರಾಲ್ಫ್ ಟೆರಿಯ ಎರಡನೆಯ ಎಸೆತವನ್ನು ಅವನು ಎಡಕ್ಕೆ ಎತ್ತಿ ಹೊಡೆದನು. ಎಡಬಯಲಿನಲ್ಲಿದ್ದ ಯೋಗಿ ಬೆರ್ರಾ ಗೋಡೆಯವರೆಗೆ ಓಡಿ, ತಲೆಯೆತ್ತಿ ನೋಡಿ, ಸುಮ್ಮನೆ ತಿರುಗಿ ಮನೆಯ ದಾರಿ ಹಿಡಿದನು. ಚೆಂಡು ಗೋಡೆಯಾಚೆಯ ಮರಗಳಲ್ಲಿ ಮಾಯವಾಯಿತು. ಗಂಟೆ 3, ಮಿನಿಟು 36. ಒಟ್ಟು ಏಳು ಆಟಗಳಲ್ಲಿ ಯಾಂಕೀಸ್ ಗಳಿಸಿದ ಓಟ 55, ಪೈರೇಟ್ಸ್ ಗಳಿಸಿದ್ದು 27, ಕಿರೀಟ ಪೈರೇಟ್ಸ್‌ಗೆ. ಬೊಕ್ಕಸದ ಮೊತ್ತವನ್ನು ನೋಡದೆ ದಿನದಿನದ ಕೂಲಿಯನ್ನು ಮಾತ್ರ ಲೆಕ್ಕ ಹಿಡಿಯುವ ಇಂಥ ಪದ್ಧತಿ ಉಕ್ಕಿನ ಊರಿಗೆ ಹಿತವಾಗಿ ತೋರಿದ್ದರಲ್ಲಿ ಆಶ್ಚರ್ಯವಿಲ್ಲ. ಇಡೀ ಸರಣಿಯ ಶ್ರೇಷ್ಠ ಆಟಗಾರನೆಂಬ ಪುರಸ್ಕಾರ ಸೋತ ತಂಡದ ಬಾಬಿ ರಿಚರ್ಡ್‌ಸನ್ನನಿಗೆ ಹೋಯಿತು. ಅಂಥದು ಮತ್ತೊಮ್ಮೆ ನಡೆದಿಲ್ಲ.

ಆ ಮಧ್ಯಾಹ್ನ ಊರು ಕೆಲಸ ಬಿಟ್ಟು ಬೀದಿಗಿಳಿಯಿತು. ಕಚೇರಿಗಳ ಕಿಟಕಿಗಳಿಂದ ಕಾಗದದ ಚೂರುಗಳು ಮಳೆಯಾಗಿ ಸುರಿದವು. ಪೇಟೆಯಲ್ಲಿ ಕಾಲಿಡಲು ಸ್ಥಳವಿಲ್ಲದಂತಾಗಿ ಸೇತುವೆ, ಸುರಂಗಗಳ ದಾರಿಗಳನ್ನು ಪೊಲೀಸರು ಮುಚ್ಚಬೇಕಾಯಿತು. ತಂಡದವರ ಔತಣ ಒಂದು ಕಡೆ ನಡೆಯುತ್ತಿರಲು, ಪ್ಯುಯೆರ್ಟೊ ರಿಕೊ ದ್ವೀಪದಿಂದ ಬಂದಿದ್ದ ಕ್ಲೆಮೆಂಟೆ, ಏಳೂ ಆಟಗಳಲ್ಲಿ ಯಶಸ್ವಿಯಾಗಿ ಹೊಡೆದಿದ್ದವನು, ಅಲ್ಲಿಂದ ಹೊರಬಿದ್ದು ಬೀದಿಯ ಜನರೊಡನೆ ಸೇರಿಕೊಂಡನು. ಆ ವರ್ಷದ ಲೀಗಿನ ಶ್ರೇಷ್ಠರ ಪಟ್ಟಿಯಲ್ಲಿ ಪತ್ರಿಕೆಯವರು ಅವನಿಗೆ ಎಂಟನೆಯ ಸ್ಥಾನ ಕೊಟ್ಟರು. ಅದು ಅವನ ಮನಸ್ಸಿನಲ್ಲಿ ಬಹುಕಾಲ ಮುಳ್ಳಾಗಿ ಉಳಿಯಿತು.

ಇತ್ತ ಕತ್ತಲಾಗುವ ವೇಳೆಗೆ ಮೂರನೆಯ ವಾದ ಆರಂಭವಾಯಿತು. ಈ ಸಲ ಕೆನೆಡಿ ನ್ಯೂಯಾರ್ಕಿನಲ್ಲಿ, ನಿಕ್ಸನ್ ಲಾಸ್ ಏಂಜಲೀಸಿನಲ್ಲಿ. ಎರಡು ಕಡೆಯೂ ಒಂದೇ ಬಗೆಯ ಕೋಣೆಯನ್ನು ಸಿದ್ಧಪಡಿಸಿ, ದೇಶದ ಎರಡು ತೀರಗಳಲ್ಲಿದ್ದವರನ್ನು ಒಂದೇ ತೆರೆಯ ಮೇಲೆ ಅಕ್ಕಪಕ್ಕದಲ್ಲಿ ತೋರಿಸಿದರು. ಮಾತು ಹೆಚ್ಚಾಗಿ ಚೀನದ ಕರಾವಳಿಯ ಕ್ವಿಮಾಯ್, ಮಾಟ್ಸು ಎಂಬ ಪುಟ್ಟ ದ್ವೀಪಗಳನ್ನು ಕುರಿತದ್ದು. ಕೆನೆಡಿ ಟಿಪ್ಪಣಿಯ ಕಾಗದಗಳನ್ನು ಮುಂದಿಟ್ಟುಕೊಂಡಿದ್ದರೆಂದು ನಿಕ್ಸನ್ ಆಮೇಲೆ ಆಕ್ಷೇಪವೆತ್ತಿದರು. ಪಿಟ್ಸ್‌ಬರ್ಗಿನ ಬೀದಿಗಳಲ್ಲಿ ಕೊಂಬು ಊದುತ್ತಿದ್ದವರಿಗೆ ಆ ದ್ವೀಪಗಳು ಭೂಪಟದಲ್ಲಿದ್ದರೆಷ್ಟು, ಮುಳುಗಿದರೆಷ್ಟು! ಒಂದು ಊರು ತನ್ನ ರಾಜಕೀಯವನ್ನು ಒಂದು ರಾತ್ರಿಯ ಮಟ್ಟಿಗೆ ಮರೆತರೆ ಅದು ಅಪರಾಧವಲ್ಲ. ಮರೆತದ್ದೂ ಒಂದು ರಾತ್ರಿಯ ಮಟ್ಟಿಗೆ ಮಾತ್ರ. ನವೆಂಬರ್ 8ರಂದು ಪೆನ್ಸಿಲ್ವೇನಿಯ ಕೆನೆಡಿಯವರಿಗೆ ಸುಮಾರು 1 ಲಕ್ಷ 16 ಸಾವಿರ ಮತಗಳ ಅಂತರದಿಂದ ಒಲಿಯಿತು. ಇಡೀ ದೇಶದಲ್ಲಿ ಅವರ ಮುನ್ನಡೆಯೂ ಹೆಚ್ಚುಕಡಮೆ ಅಷ್ಟೇ.

ಎರಡು ವರ್ಷಗಳ ತರುವಾಯ, 1962ರಲ್ಲಿ, ಅದೂ ಅಕ್ಟೋಬರ್ 13ರಂದೇ, ಅಧ್ಯಕ್ಷ ಕೆನೆಡಿ ಮೆಕೀಸ್‌ಪೋರ್ಟಿಗೆ ಬಂದರು. 1947ರ ವಾದವನ್ನು ಜನರಿಗೆ ನೆನಪು ಮಾಡಿಕೊಟ್ಟು, ಅಂದು ಗೆದ್ದವರು ನಿಕ್ಸನ್ನರೇ ಎಂದು ನಗುತ್ತ ಒಪ್ಪಿಕೊಂಡರು. ಅಧಿಕಾರದಲ್ಲಿ ಕುಳಿತ ಮೇಲೆ ಹಳೆಯ ಸೋಲನ್ನು ಒಪ್ಪಿಕೊಳ್ಳುವುದು ಸುಲಭ. ಮೂರೇ ದಿನಗಳಲ್ಲಿ ಕ್ಯೂಬದ ಕ್ಷಿಪಣಿಗಳ ಸುದ್ದಿ ಅವರ ಮೇಜಿನ ಮೇಲಿದ್ದಿತು.

*

ಅನಂತರದ ಕಥೆಯಲ್ಲಿ ಉಕ್ಕು ಇಳಿಯುತ್ತ ಹೋಯಿತು. ಕ್ಲೆಮೆಂಟೆ 1971ರ ವರ್ಲ್ಡ್ ಸೀರೀಸನ್ನು ಊರಿಗೆ ಗೆದ್ದುಕೊಟ್ಟನು. 1972ರ ಡಿಸೆಂಬರ್ 31ರಂದು, ನಿಕರಾಗುವದ ಭೂಕಂಪ ಪೀಡಿತರಿಗೆ ಸಾಮಾನು ಸಾಗಿಸುತ್ತಿದ್ದ ವಿಮಾನ ಕಡಲಿಗೆ ಬಿದ್ದು ಮಡಿದನು. ಆಗ ಅಧ್ಯಕ್ಷರಾಗಿದ್ದ ನಿಕ್ಸನ್ ಆ ಪರಿಹಾರ ನಿಧಿಗೆ ತಮ್ಮ ಸ್ವಂತದ ಸಾವಿರ ಡಾಲರು ಕೊಟ್ಟರು. 1979ರಲ್ಲಿ ತಂಡ ಇನ್ನೊಮ್ಮೆ ಗೆದ್ದಿತು. 1980ರ ದಶಕದಲ್ಲಿ ಕಾರ್ಖಾನೆಗಳು ಒಂದಾದ ಮೇಲೊಂದು ಬಾಗಿಲೆಳೆದುಕೊಂಡವು. ಮೆಕೀಸ್‌ಪೋರ್ಟಿನ ಕೊಳವೆ ಕಾರ್ಖಾನೆಯೂ ಉಳಿಯಲಿಲ್ಲ. ಹೋಂಸ್ಟೆಡ್ಡಿನ ಉಕ್ಕಿನ ಗಿರಣಿ ಇದ್ದಲ್ಲಿ ಈಗ ಅಂಗಡಿಗಳ ಸಾಲು. ಹನ್ನೆರಡು ಹೊಗೆಗೊಳವೆಗಳು ಮಾತ್ರ ಹೊಗೆಯಿಲ್ಲದೆ ನಿಂತಿವೆ. 1950ರಲ್ಲಿ 6 ಲಕ್ಷ 76 ಸಾವಿರ ಜನರಿದ್ದ ಪಿಟ್ಸ್‌ಬರ್ಗಿನಲ್ಲಿ 2020ರಲ್ಲಿ ಉಳಿದವರು ಸುಮಾರು 3 ಲಕ್ಷ. ಮೆಕೀಸ್‌ಪೋರ್ಟಿನಲ್ಲಿ 18 ಸಾವಿರಕ್ಕೂ ಕಡಮೆ. ಪೆನ್–ಮೆಕೀ ಹೋಟೆಲು ದಶಕಗಳ ಕಾಲ ಕಿಟಕಿ ಒಡೆದು ಪಾಳುಬಿದ್ದಿದ್ದಿತು. ಕಾರ್ಮಿಕರ ಪರವಾಗಿ, ಮಾಲೀಕರ ಪರವಾಗಿ ಎಷ್ಟೋ ಉಮೇದುವಾರರು ಬಂದು ಮಾತು ಕೊಟ್ಟು ಹೋದರು. ಕುಲುಮೆಗಳು ಮತ್ತೆ ಹೊತ್ತಲಿಲ್ಲ.

ಉಳಿದದ್ದು ಆಟದ ಆಸೆ. 1992ರ ಅಕ್ಟೋಬರಿನಲ್ಲಿ ಅದು ಮತ್ತೆ ವಾದಗಳ ಜೊತೆಗೇ ಬಂದಿತು. ಆ 13ನೆಯ ತಾರೀಖು ಸಂಜೆ ಉಪಾಧ್ಯಕ್ಷ ಪದವಿಯ ಮೂವರು ಉಮೇದುವಾರರು ವಾದಿಸಿದ್ದು ಅಟ್ಲಾಂಟ ನಗರದಲ್ಲಿ. ಅದೇ ನಗರದಲ್ಲಿ ಅದೇ ರಾತ್ರಿ ಪೈರೇಟ್ಸ್ ಪ್ಲೇಆಫಿನ ಆರನೆಯ ಆಟದಲ್ಲಿ ಅಟ್ಲಾಂಟದವರನ್ನು 13–4ರಿಂದ ಸೋಲಿಸಿದರು. ಮರುದಿನ ಏಳನೆಯ ಆಟ. ಕೊನೆಯ ಸರದಿಯವರೆಗೂ ಪೈರೇಟ್ಸ್ 2–0 ಮುಂದಿದ್ದರು. ಒಂದೇ ಒಂದು ಔಟು ಬಾಕಿ ಇದ್ದಾಗ ಅಟ್ಲಾಂಟದ ಹೊಡೆತವೊಂದು ಎಡಬಯಲಿಗೆ ಹೋಯಿತು. ಎರಡನೆಯ ನೆಲೆಯಿಂದ ಕುಂಟುತ್ತ ಓಡಿ ಬಂದು ನೆಲಕ್ಕೆ ಜಾರಿ ಗೆಲುವಿನ ಓಟ ಗಳಿಸಿದವನು ಸಿಡ್ ಬ್ರೀಮ್, ಎರಡು ವರ್ಷದ ಹಿಂದಿನ ತನಕ ಪೈರೇಟ್ಸ್ ತಂಡದಲ್ಲೇ ಇದ್ದವನು! 3–2. ಅದರ ಮರುದಿನ ರಿಚ್‌ಮಂಡಿನಲ್ಲಿ ಸಾಮಾನ್ಯ ಪ್ರಜೆಗಳೇ ಪ್ರಶ್ನೆ ಕೇಳಿದ ಅಧ್ಯಕ್ಷೀಯ ವಾದ. ಅಧ್ಯಕ್ಷ ಬುಷ್ ನಡುವೆ ಕೈಗಡಿಯಾರ ನೋಡಿಕೊಂಡರೆಂದು ದೇಶವೆಲ್ಲ ಟೀಕಿಸಿತು. ಪಿಟ್ಸ್‌ಬರ್ಗಿನವರಿಗೆ ಅಂದು ಹೊತ್ತು ಎಷ್ಟಾಯಿತೆಂಬ ಗೊಡವೆಯೇ ಇದ್ದಿರಲಾರದು.

ಆ ಸೋಲಿನ ತರುವಾಯ ತಂಡ ಸತತವಾಗಿ 20 ವರ್ಷಗಳ ಕಾಲ ಗೆದ್ದದ್ದಕ್ಕಿಂತ ಹೆಚ್ಚು ಸೋತಿತು. ನಡುವೆ, 2008ರಲ್ಲಿ, ಬೇಸ್‌ಬಾಲ್ ಎಂದರೇನೆಂದೇ ಅರಿಯದಿದ್ದ ಉತ್ತರ ಪ್ರದೇಶದ ಇಬ್ಬರು ಈಟಿ ಎಸೆತಗಾರರನ್ನು, ರಿಂಕು ಸಿಂಗ್ ಮತ್ತು ದಿನೇಶ್ ಪಟೇಲರನ್ನು, ಒಪ್ಪಂದ ಮಾಡಿಕೊಂಡು ಕರೆತಂದದ್ದೂ ಈ ತಂಡವೇ. ಅವರು ಕೆಳದರ್ಜೆಯ ಲೀಗಿನಲ್ಲಿ ಆಡಿದರು. ದೊಡ್ಡ ಬಯಲಿಗೆ ಏರಲಿಲ್ಲ. 2013ರ ಅಕ್ಟೋಬರ್ 1ರಂದು, 21 ವರ್ಷಗಳ ಮೇಲೆ, ಊರಿನಲ್ಲಿ ಮತ್ತೆ ಪ್ಲೇಆಫ್ ಆಟ ನಡೆಯಿತು. ಕಪ್ಪು ಬಟ್ಟೆ ತೊಟ್ಟ ಜನ ಸಿನ್ಸಿನಾಟಿಯ ಎಸೆತಗಾರ ಜಾನಿ ಕ್ವೇಟೊನ ಹೆಸರನ್ನು ರಾಗವಾಗಿ ಎಳೆದು ಕೂಗುತ್ತಿರಲು, ಅವನ ಕೈಯಿಂದ ಚೆಂಡು ಜಾರಿ ನೆಲಕ್ಕೆ ಬಿದ್ದಿತು; ಮುಂದಿನ ಎಸೆತವನ್ನೇ ರಸೆಲ್ ಮಾರ್ಟಿನ್ ಗೋಡೆಯಾಚೆಗೆ ಅಟ್ಟಿದನು. 2014, 2015ರಲ್ಲಿಯೂ ಆಸೆ ಚಿಗುರಿತು, ಎರಡು ಸಲವೂ ಒಂದೇ ಆಟಕ್ಕೆ ಒಣಗಿತು. ಆಮೇಲೆ 2025ರವರೆಗೆ ಪ್ಲೇಆಫಿನ ಬಾಗಿಲು ತೆರೆಯಲಿಲ್ಲ.

ರಾಜಕೀಯದವರು ಮಾತ್ರ ಈ ಊರನ್ನು ಬಿಟ್ಟಿಲ್ಲ. 2024ರ ಸೆಪ್ಟೆಂಬರ್ 10ರಂದು ಫಿಲಡೆಲ್ಫಿಯದಲ್ಲಿ ಡೊನಾಲ್ಡ್ ಟ್ರಂಪ್‌ರೊಡನೆ ವಾದಿಸುವುದಕ್ಕೆ ಮುನ್ನ ಕಮಲಾ ಹ್ಯಾರಿಸ್ ಕೆಲವು ದಿವಸ ಬಿಡಾರ ಮಾಡಿ ತಾಲೀಮು ನಡೆಸಿದ್ದು ಪಿಟ್ಸ್‌ಬರ್ಗ್ ಪೇಟೆಯ ಹಳೆಯ ವಿಲಿಯಂ ಪೆನ್ ಹೋಟೆಲಿನಲ್ಲಿ. ಪೈರೇಟ್ಸ್ ಅಷ್ಟರಲ್ಲಿ, ಆಗಸ್ಟ್ ತಿಂಗಳಲ್ಲಿ ಸತತ 10 ಆಟ ಸೋತು, ಆ ವರ್ಷದ ಆಸೆಯನ್ನು ಮಡಿಸಿ ಇಟ್ಟಾಗಿದ್ದಿತು.

*

ಫೋರ್ಬ್ಸ್ ಫೀಲ್ಡ್ 1970ರ ಜೂನ್ 28ರಂದು ಮುಚ್ಚಿತು. ಬಯಲಿದ್ದಲ್ಲಿ ವಿಶ್ವವಿದ್ಯಾಲಯದ ಕಟ್ಟಡಗಳೆದ್ದವು. ಹೊಡೆತಗಾರರು ನಿಲ್ಲುತ್ತಿದ್ದ ಬಿಳಿಯ ಫಲಕವನ್ನು ಒಂದು ಕಟ್ಟಡದ ನೆಲದಲ್ಲಿ ಗಾಜಿನ ಕೆಳಗೆ ಇಟ್ಟಿದ್ದಾರೆ, ವಿದ್ಯಾರ್ಥಿಗಳು ಪುಸ್ತಕ ಹಿಡಿದು ಅದರ ಮೇಲೇ ನಡೆದುಹೋಗುತ್ತಾರೆ. ಹೊರಗೆ ಬಳ್ಳಿ ಹಬ್ಬಿದ ಇಟ್ಟಿಗೆಯ ಗೋಡೆಯ ಒಂದು ಭಾಗವೂ ಧ್ವಜಸ್ತಂಭವೂ ಉಳಿದಿವೆ. ಮ್ಯಾಜರೋಸ್ಕಿಯ ಚೆಂಡು ದಾಟಿದ ಜಾಗವನ್ನು ಗುರುತು ಹಾಕಿ ತೋರಿಸುತ್ತಾರೆ.

1985ರ ಅಕ್ಟೋಬರ್ 13ರಂದು ಅಭಿಮಾನಿಯೊಬ್ಬ ಒಬ್ಬನೇ ಬಂದು ಈ ಗೋಡೆಯ ಬುಡದಲ್ಲಿ ಕುಳಿತು, ಏಳನೆಯ ಆಟದ ಹಳೆಯ ರೇಡಿಯೋ ವಿವರಣೆಯ ಧ್ವನಿಮುದ್ರಿಕೆಯನ್ನು ಹಾಕಿಕೊಂಡು ಮೊದಲಿನಿಂದ ಕೊನೆಯವರೆಗೆ ಕೇಳಿ ಎದ್ದು ಹೋದನು. ಮುಂದಿನ ವರ್ಷಗಳಲ್ಲಿ ಇನ್ನಷ್ಟು ಜನ ಸೇರಿಕೊಂಡರು. ಈಗ ಅದು ಜಾತ್ರೆಯಂತೆ. ಮಡಿಸುವ ಕುರ್ಚಿಗಳು, ಬುತ್ತಿ, ಹಳೆಯ ಟೋಪಿಗಳು. ಮಧ್ಯಾಹ್ನ ಒಂದು ಗಂಟೆಗೆ ಧ್ವನಿಮುದ್ರಿಕೆ ಆರಂಭ. ಹಾಗೆ ಆರಂಭಿಸಿದರೇ ಹೋಮ್‌ರನ್ನಿನ ಕ್ಷಣ ಸರಿಯಾಗಿ 3 ಗಂಟೆ 36 ನಿಮಿಷಕ್ಕೆ ಬೀಳುವುದು. ಚುನಾವಣೆಯ ವರ್ಷವಾದರೆ ಸುತ್ತಣ ಮನೆಗಳ ಅಂಗಳಗಳಲ್ಲಿ ಉಮೇದುವಾರರ ಹೆಸರಿನ ಫಲಕಗಳು ನೆಟ್ಟಿರುತ್ತವೆ. ಕುರ್ಚಿ ಹಾಕಿಕೊಂಡು ಕುಳಿತವರಲ್ಲಿ ಯಾರು ಯಾರ ಕಡೆಯೆಂದು ಎಂಟನೆಯ ಸರದಿಯ ಆ ಹರಳಿನ ಹೊತ್ತಿಗೆ ಹೇಳುವುದು ಕಷ್ಟ.

ಆ ಆಟದ ಪೂರ್ಣ ಚಿತ್ರಸುರುಳಿ ಬಹುಕಾಲ ಯಾರ ಬಳಿಯೂ ಇಲ್ಲವೆಂದೇ ಜನ ತಿಳಿದಿದ್ದರು. ಪೈರೇಟ್ಸ್ ತಂಡದ ಪಾಲುದಾರರಲ್ಲೊಬ್ಬನಾಗಿದ್ದ ಗಾಯಕ ಬಿಂಗ್ ಕ್ರಾಸ್ಬಿ, ಊರಿನಲ್ಲಿದ್ದು ನೋಡಿದರೆ ಎದೆ ಒಡೆದೀತೆಂದು ಹೆದರಿ, ಪ್ಯಾರಿಸ್ಸಿಗೆ ಹೋಗಿ ರೇಡಿಯೋದಲ್ಲಿ ಕೇಳಿದ್ದನು. ಆದರೆ ಗೆದ್ದರೆ ಆಮೇಲೆ ನೋಡಬೇಕೆಂದು ಟೆಲಿವಿಷನ್ ಚಿತ್ರವನ್ನು ಸುರುಳಿಗೆ ಇಳಿಸುವ ಏರ್ಪಾಡು ಮಾಡಿದ್ದನು. 2009ರ ಡಿಸೆಂಬರಿನಲ್ಲಿ, ಅವನು ತೀರಿಹೋಗಿ 32 ವರ್ಷಗಳ ಮೇಲೆ, ಕ್ಯಾಲಿಫೋರ್ನಿಯದ ಅವನ ಮನೆಯಲ್ಲಿ ದ್ರಾಕ್ಷಾರಸ ಇಡುವ ತಂಪು ಕೋಣೆಯಲ್ಲಿ ಆ ಸುರುಳಿಗಳು ಸಿಕ್ಕವು. ಮರುವರ್ಷ ಪಿಟ್ಸ್‌ಬರ್ಗಿನ ನಾಟಕಶಾಲೆಯೊಂದರಲ್ಲಿ, ಬದುಕಿದ್ದ ಹಳೆಯ ಆಟಗಾರರ ಮುಂದೆ ಅದನ್ನು ತೋರಿಸಿದರು.

ಆದರೂ ಗೋಡೆಯ ಬಳಿ ಸೇರುವವರು ಚಿತ್ರವನ್ನು ನೋಡುವುದಿಲ್ಲ. ರೇಡಿಯೋವನ್ನೇ ಕೇಳುತ್ತಾರೆ. ಆ ವಿವರಣೆಯಲ್ಲಿ ಒಂದು ಪ್ರಸಿದ್ಧವಾದ ತಪ್ಪಿದೆ. ಕೊನೆಯ ಎಸೆತ ಟೆರಿಯದು. ಉದ್ವೇಗದಲ್ಲಿದ್ದ ವಿವರಣಕಾರ ಚಕ್ ಥಾಂಪ್ಸನ್ ಅದನ್ನು ಆರ್ಟ್ ಡಿಟ್ಮಾರ್ ಎಸೆದನೆಂದು ಹೇಳಿಬಿಟ್ಟನು. ಆ ಹೊತ್ತಿಗೆ ಡಿಟ್ಮಾರ್ ಆಟದಲ್ಲೇ ಇರಲಿಲ್ಲ. ಗೆಲುವಿನ ಅಂಕವನ್ನೂ ಮೊದಲು ಹತ್ತು–ಸೊನ್ನೆ ಎಂದು ಕೂಗಿ ಆಮೇಲೆ ಸರಿಪಡಿಸಿಕೊಂಡನು. 1980ರ ದಶಕದಲ್ಲಿ ಒಂದು ಬಿಯರ್ ಜಾಹೀರಾತಿನಲ್ಲಿ ಆ ಧ್ವನಿಯನ್ನೇ ಬಳಸಿದಾಗ ಡಿಟ್ಮಾರ್ ತನ್ನ ಹೆಸರಿಗೆ ಕಳಂಕ ಬಂದಿತೆಂದು ನ್ಯಾಯಾಲಯಕ್ಕೆ ಹೋದನು. ಅಲ್ಲಿಯೂ ಅವನಿಗೆ ಜಯ ಸಿಗಲಿಲ್ಲ. ಹೀಗಾಗಿ ಪ್ರತಿ ವರ್ಷ ಅಕ್ಟೋಬರ್ 13ರ ಮಧ್ಯಾಹ್ನ, ಆ ಬಳ್ಳಿಯ ಗೋಡೆಯ ಮುಂದೆ, ಡಿಟ್ಮಾರ್ ಮತ್ತೊಮ್ಮೆ ಚೆಂಡನ್ನೆಸೆಯುತ್ತಾನೆ, ಮ್ಯಾಜರೋಸ್ಕಿ ಮತ್ತೊಮ್ಮೆ ಹೊಡೆಯುತ್ತಾನೆ. ಜನ ಎದ್ದು ನಿಂತು ಕೂಗುತ್ತಾರೆ. ಆಮೇಲೆ ಕುರ್ಚಿಗಳನ್ನು ಮಡಿಸಿಕೊಂಡು ಮನೆಗೆ ಹೋಗುತ್ತಾರೆ.